ಗಿಟಾರಿನ ನಾದವೂ ಮೈಕ್ರೊಫೋನಿನ ನೆಲೆಯೂ

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ನಮ್ಮ ಮನೆಗೆ ಬಂದನು. ಸಂಗೀತಶಾಲೆಯೊಂದರ ಪ್ರವೇಶಕ್ಕಾಗಿ ಅವನು ತನ್ನ ಗಿಟಾರ್ ವಾದನವನ್ನು ಮನೆಯಲ್ಲಿಯೇ ಮುದ್ರಿಸಿ ಕಳುಹಿಸಬೇಕಾಗಿತ್ತು. ಅವಧಿ ಮುಗಿಯಲು ನಾಲ್ಕೇ ದಿನಗಳು ಉಳಿದಿದ್ದವು. ಅಷ್ಟರಲ್ಲಿ ಎರಡು ಸಲ ಮುದ್ರಿಸಿದ್ದನು, ಎರಡೂ ಕೆಟ್ಟಿದ್ದವು. ಮೊದಲನೆಯದರಲ್ಲಿ ಕೆಳಗಿನ ಸ್ವರಗಳು ಡೋಲು ಬಡಿದಂತೆ ಗುಮ್ಮೆಂದು ಮೊಳಗಿ ಮಿಕ್ಕ ಸ್ವರಗಳನ್ನು ನುಂಗಿಬಿಟ್ಟಿದ್ದವು. ಎರಡನೆಯ ಸಲ ಗೆಳೆಯನಿಂದ ಇನ್ನೊಂದು ಮೈಕ್ರೊಫೋನನ್ನು ತಂದು ಎರಡನ್ನೂ ಬಳಸಿದ್ದನು. ಅದು ಇಯರ್‌ಫೋನಿನಲ್ಲಿ ಸೊಗಸಾಗಿಯೇ ಕೇಳುತ್ತಿತ್ತು. ಆದರೆ ಒಂದೇ ಧ್ವನಿವರ್ಧಕದಲ್ಲಿ ನುಡಿಸಿದೊಡನೆ ನಾದವು ಟೊಳ್ಳಾಗಿ, ಕೊಳವೆಯೊಳಗಿಂದ ಬಂದಂತೆ ತೋರುತ್ತಿತ್ತು. "ಮೈಕೇ ಸರಿಯಿಲ್ಲ ಸಾರ್. ಸಾಲ ಮಾಡಿಯಾದರೂ ಒಳ್ಳೆಯದನ್ನು ಕೊಡಿಸುತ್ತೇನೆ ಅಂತಿದ್ದಾರೆ ಅಪ್ಪ" ಎಂದನು.

ಸಾಲದ ಮಾತನ್ನು ಎರಡು ದಿನ ತಡೆಯುವಂತೆ ಹೇಳಿ, ಮರುದಿನ ನಾವು ಅಳತೆಯ ಪಟ್ಟಿಯೊಂದನ್ನು ಹಿಡಿದು ಅವನ ಮನೆಗೆ ಹೋದೆವು. ಮೈಕ್ರೊಫೋನಿನಲ್ಲಿ ದೋಷವಿರಲಿಲ್ಲ, ಅದನ್ನು ಇಟ್ಟ ಜಾಗದಲ್ಲಿ ದೋಷವಿತ್ತು. ಇದನ್ನು ತಿಳಿಯಲು ಬೇಕಾದುದು ಕಾಲೇಜಿನ ಭೌತವಿಜ್ಞಾನವೇ ಹೊರತು ಬೇರೇನೂ ಅಲ್ಲ. ಆ ವಿಚಾರವನ್ನು ವಾಚಕರ ಮುಂದೆ ಕ್ರಮವಾಗಿ ಇಡುತ್ತೇವೆ.

ನಾದವು ಎಲ್ಲಿಂದ ಹೊರಡುತ್ತದೆ?

ಗಿಟಾರಿನ ನಾದವು ತಂತಿಯಿಂದ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಸತ್ಯ. ಬರಿಯ ತಂತಿಯು ಬಹಳ ತೆಳ್ಳಗಿರುವುದರಿಂದ ಗಾಳಿಯನ್ನು ಸೀಳಿಕೊಂಡು ಅಲುಗುವುದೇ ಹೊರತು ಅದನ್ನು ಹೆಚ್ಚಾಗಿ ತಳ್ಳಲಾರದು. ತಂತಿಯ ಕಂಪನವು ಅದು ಒರಗಿರುವ ಕುದುರೆಯ ಮೂಲಕ ಮೇಲ್ಹಲಗೆಗೆ ಸಾಗುತ್ತದೆ. ಸ್ಪ್ರೂಸ್ ಅಥವಾ ಸೀಡರ್ ಮರದ ಈ ಅಗಲವಾದ ತೆಳುಹಲಗೆ ಅಲುಗಿದಾಗ ಮಾತ್ರ ಗಾಳಿಯಲ್ಲಿ ಬಲವಾದ ಅಲೆಗಳು ಏಳುತ್ತವೆ.

ಇನ್ನು ಗಿಟಾರಿನ ನಡುವಿನ ದುಂಡು ರಂಧ್ರ. ಖಾಲಿ ಸೀಸೆಯ ಬಾಯಿಯ ಮೇಲೆ ಅಡ್ಡಲಾಗಿ ಊದಿದರೆ ಒಂದು ನಿರ್ದಿಷ್ಟ ಸ್ವರ ಹೊರಡುವುದನ್ನು ನೀವು ಬಲ್ಲಿರಿ. ಸೀಸೆಯೊಳಗಿನ ಗಾಳಿ ಸುರುಳಿಯಂತೆಯೂ, ಬಾಯಿಯಲ್ಲಿರುವ ಗಾಳಿ ಅದಕ್ಕೆ ಕಟ್ಟಿದ ತೂಕದಂತೆಯೂ ವರ್ತಿಸುತ್ತವೆ. ಇಂಥ ಅನುನಾದಕಗಳನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಆಳವಾಗಿ ಅಭ್ಯಾಸ ಮಾಡಿ, 1863ರಲ್ಲಿ ನಾದವನ್ನು ಕುರಿತು ತಾನು ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಗಿಟಾರಿನ ಒಡಲೂ ಅಂಥ ಒಂದು ಸೀಸೆಯೇ. ಅದರೊಳಗಿನ ಗಾಳಿಯ ಅನುನಾದವು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 100 ಕಂಪನಗಳ, ಎಂದರೆ 100 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಮೇಲ್ಹಲಗೆಯ ಮುಖ್ಯ ಅನುನಾದವು ಸುಮಾರು 200 ಹರ್ಟ್ಸ್‌ನ ಬಳಿ ಇರುತ್ತದೆ.

ಗಿಟಾರಿನ ಅತ್ಯಂತ ದಪ್ಪ ತಂತಿಯ ಆವೃತ್ತಿ 82.4 ಹರ್ಟ್ಸ್, ಅದರ ಪಕ್ಕದ ತಂತಿಯದು 110 ಹರ್ಟ್ಸ್. ಆದುದರಿಂದ ಈ ಎರಡರ ಸುತ್ತಮುತ್ತಲಿನ ಸ್ವರಗಳು ರಂಧ್ರದ ಬಾಯಿಯಲ್ಲಿ ಮಿತಿಮೀರಿ ಮೊಳಗುತ್ತವೆ. ನಾದವು ರಂಧ್ರದಿಂದಲೇ ಹೊರಬರುತ್ತದೆಂದು ನಂಬಿದ ನಮ್ಮ ವಿದ್ಯಾರ್ಥಿಯು ಮೈಕ್ರೊಫೋನನ್ನು ಅದರ ಎದುರಿಗೇ, 5 ಸೆಂಟಿಮೀಟರ್ ದೂರದಲ್ಲಿ ಇರಿಸಿದ್ದನು!

ಮೈಕ್ರೊಫೋನು ಕೇಳುವ ಬಗೆ

ಯಾವ ಮೈಕ್ರೊಫೋನಿನಲ್ಲಿಯಾದರೂ ಗಾಳಿಯ ಅಲೆಗೆ ಅಲುಗುವ ಒಂದು ತೆಳುಪೊರೆ ಇರುತ್ತದೆ. ಒಂದು ಬಗೆಯಲ್ಲಿ ಈ ಪೊರೆಗೆ ಅಂಟಿದ ತಂತಿಯ ಸುರುಳಿಯು ಕಾಂತದ ನಡುವೆ ಚಲಿಸಿ, ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ನಿಯಮದಂತೆ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇನ್ನೊಂದು ಬಗೆಯಲ್ಲಿ ಪೊರೆಯೂ ಅದರ ಹಿಂದಿನ ಲೋಹದ ತಗಡೂ ಸೇರಿ ಒಂದು ಕಂಡೆನ್ಸರ್ ಆಗುತ್ತವೆ. ಪೊರೆ ಅಲುಗಿದಂತೆ ಅದರ ಧಾರಣಶಕ್ತಿ ಬದಲಾಗುತ್ತದೆ. ಇದನ್ನು 1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ರೂಪಿಸಿದನು. 1962ರಲ್ಲಿ ಬೆಲ್ ಪ್ರಯೋಗಾಲಯದ ಸೆಸ್ಲರ್ ಮತ್ತು ವೆಸ್ಟ್ ಅವರು ವಿದ್ಯುದಂಶವನ್ನು ಪೊರೆಯಲ್ಲಿಯೇ ಶಾಶ್ವತವಾಗಿ ಹಿಡಿದಿಡುವ ಉಪಾಯವನ್ನು ಕಂಡುಕೊಂಡ ಮೇಲೆ ಕಂಡೆನ್ಸರ್ ಮೈಕ್ರೊಫೋನು ಅಗ್ಗವಾಯಿತು.

ನಮಗೆ ಇಲ್ಲಿ ಮುಖ್ಯವಾದುದು ಮೈಕ್ರೊಫೋನಿನ ದಿಕ್ಕು. ಕೆಲವು ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಕೇಳುತ್ತವೆ. ಹೃದಯದ ಆಕಾರದ ಗ್ರಹಣಕ್ಷೇತ್ರವುಳ್ಳವು ಎದುರಿನ ಧ್ವನಿಯನ್ನು ಪೂರ್ತಿಯಾಗಿಯೂ, ಪಕ್ಕದ ಧ್ವನಿಯನ್ನು ಅರ್ಧದಷ್ಟೂ ಕೇಳಿ, ನೇರ ಹಿಂದಿನದಕ್ಕೆ ಬಹುಮಟ್ಟಿಗೆ ಕಿವುಡಾಗಿರುತ್ತವೆ. ಇವು ಪೊರೆಯ ಮುಂದಿನ ಮತ್ತು ಹಿಂದಿನ ಒತ್ತಡಗಳ ವ್ಯತ್ಯಾಸವನ್ನೂ ಗಮನಿಸುವುದರಿಂದ ಇವುಗಳಿಗೆ ಒಂದು ವಿಚಿತ್ರ ಗುಣವುಂಟು: ಧ್ವನಿಯ ಮೂಲಕ್ಕೆ ತೀರ ಹತ್ತಿರವಾದರೆ ಕೆಳಗಿನ ಸ್ವರಗಳನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ಮೊದಲನೆಯ ಮುದ್ರಣವು ಏಕೆ ಕೆಟ್ಟಿತೆಂಬುದು ಈಗ ಸ್ಪಷ್ಟ. ರಂಧ್ರದ ಮೊಳಗು ಒಂದು, ಹತ್ತಿರದ ಉಬ್ಬರ ಇನ್ನೊಂದು, ಎರಡೂ ಕೂಡಿದ್ದವು.

ಕೋಣೆಯ ಪಾಲು

ಹಾಗಾದರೆ ಮೈಕ್ರೊಫೋನನ್ನು ದೂರಕ್ಕೆ ಸರಿಸಿದರಾಯಿತಲ್ಲವೆ? ದೂರಕ್ಕೆ ಹೋದಂತೆ ಕೋಣೆಯು ಮಾತಾಡತೊಡಗುತ್ತದೆ. ದೂರವನ್ನು ಎರಡರಷ್ಟು ಮಾಡಿದರೆ ನೇರ ಧ್ವನಿಯ ಒತ್ತಡವು ಸುಮಾರು ಅರ್ಧಕ್ಕೆ, ಎಂದರೆ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಗೋಡೆಗಳಿಂದ ಮತ್ತೆ ಮತ್ತೆ ಪುಟಿದುಬರುವ ಅನುರಣನವಾದರೋ ಕೋಣೆಯಲ್ಲೆಲ್ಲ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ.

ಅನುರಣನದ ಲೆಕ್ಕವನ್ನು ನಮಗೆ ಕೊಟ್ಟವನು ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಅಧ್ಯಾಪಕ ವಾಲೆಸ್ ಸೇಬಿನ್. ಅಲ್ಲಿನ ಹೊಸ ಉಪನ್ಯಾಸ ಮಂದಿರದಲ್ಲಿ ಧ್ವನಿಯು 5 ಸೆಕೆಂಡಿಗಿಂತಲೂ ಹೆಚ್ಚು ಕಾಲ ಉಳಿದು, ಮಾತೇ ತಿಳಿಯದಂತಾಗಿತ್ತು. 1895ರಲ್ಲಿ ಈ ಕೆಲಸವನ್ನು ಕೈಗೊಂಡ ಸೇಬಿನ್, ರಾತ್ರಿಯ ನಿಶ್ಶಬ್ದದಲ್ಲಿ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆಯೊಂದನ್ನು ಊದಿಸಿ, ಅದರ ಧ್ವನಿ ಅಡಗುವ ಕಾಲವನ್ನು ಅಳೆಯುತ್ತ ಹೋದನು. ಅವನ ನಿಯಮವು ಸರಳ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಧ್ವನಿಯು 60 ಡೆಸಿಬೆಲ್‌ನಷ್ಟು ಇಳಿಯಲು ಬೇಕಾದ ಸೆಕೆಂಡುಗಳು ದೊರೆಯುತ್ತವೆ. ಅಳತೆಗಳು ಮೀಟರುಗಳಲ್ಲಿರಬೇಕು.

ನಮ್ಮ ವಿದ್ಯಾರ್ಥಿಯ ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ. ಘನಗಾತ್ರ 36 ಘನಮೀಟರ್. ನೆಲ, ತಾರಸಿ, ಗೋಡೆಗಳ ಒಟ್ಟು ವಿಸ್ತೀರ್ಣ 66 ಚದರ ಮೀಟರ್. ಗಾರೆಯ ಗೋಡೆಯೂ ನುಣುಪಾದ ನೆಲವೂ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ 4ರಷ್ಟನ್ನು ಹೀರುತ್ತವೆಂದು ಇಟ್ಟುಕೊಂಡರೆ ಒಟ್ಟು ಹೀರಿಕೆ ಸುಮಾರು 2.6, ಅನುರಣನದ ಕಾಲ ಸುಮಾರು 2.2 ಸೆಕೆಂಡು. ಇಂಥ ಕೋಣೆಯಲ್ಲಿ ಎಲ್ಲ ದಿಕ್ಕಿಗೂ ಕಿವಿಗೊಡುವ ಮೈಕ್ರೊಫೋನಿಗೆ ನೇರ ಧ್ವನಿಯೂ ಅನುರಣನವೂ ಸಮನಾಗುವ ದೂರವು ಕೇವಲ 23 ಸೆಂಟಿಮೀಟರ್ ಎಂದು ಲೆಕ್ಕವು ತೋರಿಸುತ್ತದೆ. ಅದರಾಚೆಗೆ ಕೇಳುವುದು ಹೆಚ್ಚಾಗಿ ಕೋಣೆಯೇ, ಗಿಟಾರಲ್ಲ.

ಮನೆಯಲ್ಲಿದ್ದ ಹತ್ತಿಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಹಗ್ಗ ಕಟ್ಟಿ ಅಜ್ಜಿಯ ಕೌದಿಗಳನ್ನೂ ಕಂಬಳಿಗಳನ್ನೂ ತೂಗುಹಾಕಿದೆವು. ಇವು ಹೀರಿಕೆಗೆ ಇನ್ನು 9ರಷ್ಟನ್ನು ಸೇರಿಸುತ್ತವೆಂದು ಭಾವಿಸಿದರೆ ಅನುರಣನದ ಕಾಲವು ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಆ ಸಮದೂರವು 48 ಸೆಂಟಿಮೀಟರಿಗೆ ಬೆಳೆಯುತ್ತದೆ. ಹೃದಯಾಕಾರದ ಮೈಕ್ರೊಫೋನಿಗೆ ಇದು ಸುಮಾರು 1.7ರಷ್ಟು ಹೆಚ್ಚು. ಆದರೆ ಕೌದಿಗಳು ಎಲ್ಲವನ್ನೂ ಹೀರಲಾರವು. 100 ಹರ್ಟ್ಸ್‌ನ ಧ್ವನಿಯ ತರಂಗದೂರವೇ ಸುಮಾರು ಮೂರೂವರೆ ಮೀಟರ್. ಅಷ್ಟು ದೊಡ್ಡ ಅಲೆಗೆ ಬಟ್ಟೆಯ ದಪ್ಪವು ಯಾವ ಲೆಕ್ಕಕ್ಕೂ ಇಲ್ಲ. ಆದುದರಿಂದ ಕೆಳಗಿನ ಸ್ವರಗಳನ್ನು ಮೈಕ್ರೊಫೋನಿನ ನೆಲೆಯಿಂದಲೇ ಹದಗೊಳಿಸಬೇಕು.

ಒಂದು ಮೈಕ್ರೊಫೋನಿನ ನೆಲೆ

ಗಿಟಾರಿನ ದಂಡಿಯ ಮೇಲೆ, ವೀಣೆಯ ಮೆಟ್ಟಿಲುಗಳಂತೆ, ಫ್ರೆಟ್‌ಗಳೆಂಬ ಲೋಹದ ಕಟ್ಟುಗಳಿರುತ್ತವೆ. ಇವುಗಳಲ್ಲಿ ಹನ್ನೆರಡನೆಯದು ತಂತಿಯ ಸರಿ ನಡುವೆ ಬರುತ್ತದೆ. ಮೈಕ್ರೊಫೋನನ್ನು ಇದರ ಎದುರಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿರಿಸಿ, ದಂಡಿಯು ಒಡಲನ್ನು ಕೂಡುವ ಜಾಗದತ್ತ ಅದರ ಮುಖವನ್ನು ತಿರುಗಿಸಬೇಕು. ಅಲ್ಲಿ ತಂತಿಯ ಹೊಳಪೂ ಹಲಗೆಯ ತುಂಬುನಾದವೂ ಬೆರೆತು ದೊರೆಯುತ್ತವೆ. ರಂಧ್ರವು ಓರೆಯಾಗುವುದರಿಂದ ಮೊಳಗು ತಗ್ಗುತ್ತದೆ. ನಾದವು ತೆಳುವೆನಿಸಿದರೆ ಮೈಕ್ರೊಫೋನನ್ನು ರಂಧ್ರದ ಕಡೆಗೆ ಬೆರಳಗಲ ತಿರುಗಿಸಿ. ಗುಮ್ಮೆಂದರೆ ದಂಡಿಯ ಕಡೆಗೆ ತಿರುಗಿಸಿ. ಇದು ಶಾಸನವಲ್ಲ, ಹುಡುಕಾಟವನ್ನು ಪ್ರಾರಂಭಿಸತಕ್ಕ ಸ್ಥಳ. ಫ್ಯಾನನ್ನು ನಿಲ್ಲಿಸಲು ಮರೆಯಬಾರದು.

ಎರಡು ಮೈಕ್ರೊಫೋನುಗಳ ತೊಡಕು

ಎರಡನೆಯ ಮುದ್ರಣದ ರಹಸ್ಯವು ಇನ್ನೂ ಸ್ವಾರಸ್ಯವಾದುದು. ಅದರಲ್ಲಿ ಒಂದು ಮೈಕ್ರೊಫೋನು ಗಿಟಾರಿನಿಂದ 20 ಸೆಂಟಿಮೀಟರ್, ಇನ್ನೊಂದು 55 ಸೆಂಟಿಮೀಟರ್ ದೂರದಲ್ಲಿದ್ದವು. ವ್ಯತ್ಯಾಸ 35 ಸೆಂಟಿಮೀಟರ್. ಧ್ವನಿಯು ಬೆಚ್ಚನೆಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುವುದರಿಂದ, ಎರಡನೆಯದಕ್ಕೆ ಅದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. 500 ಹರ್ಟ್ಸ್‌ನ ಅಲೆಗೆ ಇದು ಸರಿಯಾಗಿ ಅರ್ಧ ಕಂಪನದ ಕಾಲ. ಒಂದು ಮೈಕ್ರೊಫೋನಿನಲ್ಲಿ ಒತ್ತಡವು ಏರಿರುವಾಗ ಇನ್ನೊಂದರಲ್ಲಿ ಇಳಿದಿರುತ್ತದೆ. ಎರಡನ್ನೂ ಕೂಡಿಸಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. 1500, 2500 ಹರ್ಟ್ಸ್‌ಗಳಿಗೂ ಇದೇ ಗತಿ. 1000, 2000 ಹರ್ಟ್ಸ್‌ಗಳಾದರೋ ಇಮ್ಮಡಿಯಾಗುತ್ತವೆ. ಆವೃತ್ತಿಗಳ ಸಾಲಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಂದುಗಳು ಬೀಳುತ್ತವೆ. ಮೊದಲನೆಯ ತಂತಿಯನ್ನು ಏಳನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಬರುವ ಸ್ವರದ ಆವೃತ್ತಿ 494 ಹರ್ಟ್ಸ್. ಅವನ ಮುದ್ರಣದಲ್ಲಿ ಆ ಸ್ವರವೇ ಸೊರಗಿ ಹೋಗಿತ್ತು.

ಇಯರ್‌ಫೋನಿನಲ್ಲಿ ಒಂದು ಮೈಕ್ರೊಫೋನು ಎಡಗಿವಿಗೂ ಇನ್ನೊಂದು ಬಲಗಿವಿಗೂ ಪ್ರತ್ಯೇಕವಾಗಿ ಕೇಳುತ್ತವೆ. ಅಲ್ಲಿ ಅಳಿಸುವಿಕೆ ನಡೆಯುವುದಿಲ್ಲ. ಒಂದೇ ಧ್ವನಿವರ್ಧಕದಲ್ಲಿ ಎರಡೂ ಕೂಡುತ್ತವೆ. ಇಷ್ಟೇ ಅಲ್ಲ, ದೂರದ ಮೈಕ್ರೊಫೋನಿನ ಧ್ವನಿಯು ಕ್ಷೀಣವಾಗಿದೆಯೆಂದು ಅವನು ಅದನ್ನು ಹತ್ತಿರದ್ದರ ಸಮಕ್ಕೆ ಏರಿಸಿದ್ದನು. ಎರಡು ಅಲೆಗಳು ಸಮಬಲವಾದಾಗಲೇ ಅಳಿಸುವಿಕೆ ಪೂರ್ಣವಾಗುತ್ತದೆ. ಸರಿಪಡಿಸಲು ಹೋಗಿ ಹೆಚ್ಚು ಕೆಡಿಸಿದಂತಾಯಿತು.

ಎರಡು ಮೈಕ್ರೊಫೋನುಗಳನ್ನು ಬಳಸಲೇಬೇಕೆಂದಿದ್ದರೆ, ದಿಕ್ಕನ್ನು ಗುರುತಿಸುವ ಎರಡನ್ನು ಒಂದೇ ಎಡೆಯಲ್ಲಿ, ಒಂದರ ಮುಖದ ಮೇಲೆ ಇನ್ನೊಂದರ ಮುಖವು ಬರುವಂತೆ ಇರಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಿರುಗಿಸಬೇಕು. ನಡುವಣ ಕೋನ 90 ಅಂಶ. ದೂರದ ವ್ಯತ್ಯಾಸವೇ ಇಲ್ಲದಿರುವುದರಿಂದ ತಡವೂ ಇಲ್ಲ. ಒಂದೇ ಎಡೆಯ ಜೋಡಿಯ ತತ್ತ್ವವನ್ನು ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿಯೇ ಕಾಣಬಹುದು.

ನೀವೇ ಮಾಡಿ ನೋಡಿ

ಗೆಳೆಯನೊಬ್ಬನು ಒಂದೇ ಪಲುಕನ್ನು ಮತ್ತೆ ಮತ್ತೆ ನುಡಿಸುತ್ತಿರಲಿ. ನೀವು ಒಂದು ಕಿವಿಯನ್ನು ಮುಚ್ಚಿಕೊಂಡು, ಇನ್ನೊಂದನ್ನು ಗಿಟಾರಿನ ಮುಂದೆ ರಂಧ್ರದಿಂದ ದಂಡಿಯವರೆಗೂ, ಹತ್ತಿರದಿಂದ ದೂರಕ್ಕೂ ಸರಿಸುತ್ತ ಬನ್ನಿ. ನಾದವು ಹಿತವೆನಿಸಿದ ಎಡೆಯೇ ಮೈಕ್ರೊಫೋನಿನ ನೆಲೆ. ಅನಂತರ ಮೊಬೈಲ್ ಫೋನನ್ನು 5, 20, 40, 80 ಸೆಂಟಿಮೀಟರುಗಳಲ್ಲಿ ಇಟ್ಟು ಮುದ್ರಿಸಿ ಹೋಲಿಸಿ. ಕೋಣೆಯು ಎಲ್ಲಿ ಮೇಲುಗೈಯಾಗುತ್ತದೆಂಬುದು ನಿಮಗೇ ತಿಳಿಯುತ್ತದೆ. ವೀಣೆ, ಪಿಟೀಲುಗಳಿಗೂ ವಿಧಾನವು ಇದೇ. ಅಳತೆಗಳು ಮಾತ್ರ ಬೇರೆ.

ನಮ್ಮ ವಿದ್ಯಾರ್ಥಿಯು ಮೂರನೆಯ ದಿನ, ತನ್ನ ಹಳೆಯ ಮೈಕ್ರೊಫೋನೊಂದನ್ನೇ ಹನ್ನೆರಡನೆಯ ಫ್ರೆಟ್ಟಿನಿಂದ 25 ಸೆಂಟಿಮೀಟರ್ ದೂರದಲ್ಲಿರಿಸಿ, ಕೌದಿಗಳ ನಡುವೆ ಕುಳಿತು ಮುದ್ರಿಸಿದನು. ಏಳನೆಯ ಫ್ರೆಟ್ಟಿನ ಸ್ವರವು ತನ್ನ ಜಾಗಕ್ಕೆ ಮರಳಿತ್ತು. ಮುದ್ರಣವು ಅವಧಿಯೊಳಗೆ ಹೋಯಿತು. ತಂದೆಯವರು ಸಾಲ ಮಾಡಬೇಕಾಗಲಿಲ್ಲ. ಉಪಕರಣವನ್ನು ದೂರುವ ಮೊದಲು ಅದು ನಿಂತ ನೆಲೆಯನ್ನು ಅಳೆಯಬೇಕೆಂಬುದು ಪ್ರಯೋಗಶಾಲೆಯ ಹಳೆಯ ಪಾಠ. ಅದು ಮನೆಯ ಕೋಣೆಯಲ್ಲಿಯೂ ಅಷ್ಟೇ ನಿಜ.