ಡಯಾಲಿಸಿಸ್‌ನಲ್ಲಿದ್ದರೂ ಮೂಳೆ ಉಳಿಸಿಕೊಳ್ಳುವ ಸೂತ್ರಗಳು

ಬಿಕ್ಕೋಡು ಕಡೆಯಿಂದ ಬೇಲೂರಿಗೋ ಹಾಸನಕ್ಕೋ ಬಸ್ ಹತ್ತಿ ಡಯಾಲಿಸಿಸ್‌ಗೆ ಹೋಗಿಬರುವವರು ಬಿಪಿ, ತೂಕ, ಕುಡಿದ ನೀರು ಎಲ್ಲದರ ಲೆಕ್ಕ ಇಟ್ಟಿರುತ್ತಾರೆ. ಮೂಳೆಯ ಲೆಕ್ಕ ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಡಯಾಲಿಸಿಸ್‌ನಲ್ಲಿರುವವರಿಗೆ ಸೊಂಟದ ಮೂಳೆ ಮುರಿಯುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಮುರಿದ ಮೇಲೆ ಎದ್ದು ಓಡಾಡುವುದೂ ಕಷ್ಟ, ಜೀವಕ್ಕೂ ಅಪಾಯ. ತಡೆಯುವ ಕೆಲಸದಲ್ಲಿ ಅರ್ಧಕ್ಕರ್ಧ ಮನೆಯಲ್ಲೇ ಆಗುವಂಥದ್ದು.

1. ಮೂಳೆ ಏಕೆ ಸವೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಊಟದಲ್ಲಿ ಬಂದ ಹೆಚ್ಚಿನ ಫಾಸ್ಫರಸ್ಸನ್ನು ಹೊರಹಾಕುವುದು, ವಿಟಮಿನ್ ಡಿಯನ್ನು ದೇಹಕ್ಕೆ ಬಳಕೆಯಾಗುವಂತೆ ಮಾಡುವುದು, ಎರಡೂ ಕಿಡ್ನಿಯ ಕೆಲಸ. ಕಿಡ್ನಿ ಸೋತಾಗ ರಕ್ತದಲ್ಲಿ ಫಾಸ್ಫರಸ್ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಆಗ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತವೆ. ಇದು ನೋವಿಲ್ಲದೆ ವರ್ಷಗಟ್ಟಲೆ ನಡೆಯಬಹುದು.

2. ಫಾಸ್ಫರಸ್ ಹಿಡಿಯುವ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಿ. ಸೆವೆಲಮರ್, ಕ್ಯಾಲ್ಸಿಯಂ ಅಸಿಟೇಟ್‌ನಂಥ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನದ ಜೊತೆ ಬೆರೆತು, ಅಲ್ಲಿನ ಫಾಸ್ಫರಸ್ಸನ್ನು ರಕ್ತಕ್ಕೆ ಸೇರದಂತೆ ಹಿಡಿದಿಡುತ್ತವೆ. ಊಟ ಮುಗಿಸಿ, ಕೈ ತೊಳೆದು, ಗಂಟೆ ಕಳೆದು ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಮಾತ್ರೆಯ ಡಬ್ಬಿ ದೇವರ ಗೂಡಿನ ಪಕ್ಕ ಬೇಡ, ತಟ್ಟೆಯ ಪಕ್ಕ ಇರಲಿ. ಮದುವೆ ಮನೆಗೆ ಹೋಗುವಾಗ ಎರಡು ಮಾತ್ರೆ ಜೇಬಿನಲ್ಲಿರಲಿ.

3. ಡಯಾಲಿಸಿಸ್ ನಾಲ್ಕು ಗಂಟೆ ಅಂದರೆ ನಾಲ್ಕು ಗಂಟೆ. ಈ ಲೆಕ್ಕ ನೋಡಿ. ಒಂದು ಸಲದ ಡಯಾಲಿಸಿಸ್ ಸುಮಾರು 800ರಿಂದ 1000 ಮಿಲಿಗ್ರಾಂ ಫಾಸ್ಫರಸ್ ತೆಗೆಯುತ್ತದೆ. ವಾರಕ್ಕೆ ಎರಡೇ ಸಲ ಹೋಗುವವರಿಗೆ ಅದು 2000 ದಾಟುವುದಿಲ್ಲ. ಊಟದಿಂದ ರಕ್ತಕ್ಕೆ ಸೇರುವುದು ದಿನಕ್ಕೆ 600 ಎಂದು ಹಿಡಿದರೂ ವಾರಕ್ಕೆ 4200. ಇನ್ನು ಬಸ್ ತಪ್ಪುತ್ತದೆ ಎಂದು ಅರ್ಧ ಗಂಟೆ ಮೊದಲೇ ಸೂಜಿ ತೆಗೆಸಿಕೊಂಡರೆ ಉಳಿಕೆ ಇನ್ನೂ ಬೆಳೆಯುತ್ತದೆ. ಬಸ್ಸಿನ ವೇಳೆಗೆ ಹೊಂದುವ ಪಾಳಿ ಕೊಡಿ ಎಂದು ಕೇಂದ್ರದಲ್ಲಿ ಕೇಳಿ. ವಾರಕ್ಕೆ ಮೂರು ಸಲ ಸಾಧ್ಯವೇ ಎಂದೂ ವಿಚಾರಿಸಿ.

4. ಬಸ್ಸಾರಿನಲ್ಲಿ ಪಲ್ಯ ನಿಮಗೆ, ಸಾರು ಉಳಿದವರಿಗೆ. ಕಾಳು, ಸೊಪ್ಪು ಬೇಯಿಸಿ ಬಸಿದಾಗ ಪೊಟ್ಯಾಸಿಯಂ, ಫಾಸ್ಫರಸ್ ಒಂದಷ್ಟು ನೀರಿಗೆ ಇಳಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಆ ಕಟ್ಟು ಚೆಲ್ಲುವ ಪದ್ಧತಿಯೇ ಇಲ್ಲ, ಅದೇ ಸಾರಾಗುತ್ತದೆ. ರೋಗಿಗೆ ಬಸಿದ ಕಾಳಿನ ಪಲ್ಯ ಬಡಿಸಿ ಸಾರು ತಪ್ಪಿಸಿದರೆ ಬೇರೆ ಅಡುಗೆ ಮಾಡುವ ತಾಪತ್ರಯವೇ ಇಲ್ಲ. ಇನ್ನು ರಾಗಿ. ಅದರಲ್ಲಿ ಕ್ಯಾಲ್ಸಿಯಂ ಹೇರಳ, ನಿಜ. ಆದರೆ ಫಾಸ್ಫರಸ್, ಪೊಟ್ಯಾಸಿಯಂ ಕೂಡ ಇವೆ. ಮೂಳೆಗೆ ಒಳ್ಳೆಯದೆಂದು ಎರಡು ಹೊತ್ತೂ ಮುದ್ದೆ ಬೇಡ. ಅಕ್ಕಿ ರೊಟ್ಟಿ, ಕಡುಬು ವಾಸಿ. ಹಾಗೆಂದು ಹೆದರಿ ಊಟ ಬಿಟ್ಟೀರಿ, ಜೋಕೆ! ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಹೆಚ್ಚೇ ಬೇಕು. ಮೊಟ್ಟೆಯ ಬಿಳಿಭಾಗದಲ್ಲಿ ಫಾಸ್ಫರಸ್ ತೀರ ಕಡಿಮೆ, ಅದನ್ನು ಧಾರಾಳವಾಗಿ ತಿನ್ನಬಹುದು.

5. ಕೋಲಾ, ಸಂಸ್ಕರಿಸಿದ ಚೀಸ್, ಪ್ಯಾಕೆಟ್ ಮಾಂಸ ಬೇಡ. ಕಾಳಿನ ಫಾಸ್ಫರಸ್ಸಿನಲ್ಲಿ ಅರ್ಧಕ್ಕಿಂತ ಕಡಿಮೆ ದೇಹ ಸೇರಿದರೆ, ಕಾರ್ಖಾನೆಯಲ್ಲಿ ಬೆರೆಸಿದ್ದು ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ.

6. ಬೀಳದ ಹಾಗೆ ಮನೆ ಸಿದ್ಧ ಮಾಡಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ಮಳೆಗಾಲದಲ್ಲಿ ಇಲ್ಲಿನ ಅಂಗಳ, ಕಾಫಿ ಕಣ, ಹಿತ್ತಿಲ ಬಚ್ಚಲಿನ ಚಪ್ಪಡಿ ಎಲ್ಲ ಹಸಿರು ಪಾಚಿಯಿಂದ ಜಾರುತ್ತವೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಬಚ್ಚಲಲ್ಲಿ ಹಿಡಿಯಲು ಕಬ್ಬಿಣದ ಸರಳು ಹಾಕಿಸಿ. ಅಡಿ ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಕರೆಂಟ್ ಹೋಗುವ ಊರು, ತಲೆದಿಂಬಿನ ಬಳಿ ಟಾರ್ಚ್ ಇರಲಿ. ಡಯಾಲಿಸಿಸ್ ಮುಗಿದೊಡನೆ ಬಿಪಿ ಇಳಿದು ತಲೆ ತಿರುಗುವುದುಂಟು. ಮೊದಲು ಎದ್ದು ಕೂತು, ಕಾಲು ಇಳಿಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ನಿಲ್ಲಿ. ಬಸ್ಸಿನಲ್ಲಿ ನಿಂತು ಬರಬೇಡಿ, ಕಂಡಕ್ಟರ್‌ಗೆ ಹೇಳಿ ಸೀಟು ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಊರುಗೋಲು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕುವ ರಕ್ತನಾಳ) ಇಲ್ಲದ ಕೈಯಲ್ಲಿರಲಿ. ಡಯಾಲಿಸಿಸ್ ಇಲ್ಲದ ದಿನ ತೋಟದ ರಸ್ತೆಯಲ್ಲಿ ಸಮತಟ್ಟಾದ ಕಡೆ ನಡೆಯಿರಿ. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದೂ ತೊಡೆಗೆ ಒಳ್ಳೆಯ ವ್ಯಾಯಾಮ.

7. ರಕ್ತ ಪರೀಕ್ಷೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿಡಿ. ಕ್ಯಾಲ್ಸಿಯಂ, ಫಾಸ್ಫರಸ್ 1ರಿಂದ 3 ತಿಂಗಳಿಗೊಮ್ಮೆ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) 3ರಿಂದ 6 ತಿಂಗಳಿಗೊಮ್ಮೆ. ಒಂದೇ ಚೀಟಿಯ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ವೈದ್ಯರಿಗೆ ಮುಖ್ಯ.

8. ಕೇಳದೆ ಯಾವ ಮೂಳೆ ಔಷಧಿಯೂ ಬೇಡ. ಕ್ಯಾಲ್ಸಿಯಂ ಹೆಚ್ಚಾದರೆ ರಕ್ತನಾಳ, ಹೃದಯದ ಕವಾಟಗಳಲ್ಲಿ ಸುಣ್ಣದಂತೆ ಕೂರುತ್ತದೆ. ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು ಡಯಾಲಿಸಿಸ್ ರೋಗಿಗಳ ಕ್ಯಾಲ್ಸಿಯಮ್ಮನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. ಗ್ಯಾಸ್ಟ್ರಿಕ್‌ಗೆ ಕುಡಿಯುವ ಕೆಲವು ಔಷಧಿಗಳಲ್ಲಿ ಅಲ್ಯುಮಿನಿಯಂ ಇರುತ್ತದೆ, ಅವನ್ನೂ ಕೇಳದೆ ಕುಡಿಯಬೇಡಿ. 1970ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯುಮಿನಿಯಮ್ಮೇ ರೋಗಿಗಳ ಮೂಳೆ ಮುರಿಸಿತ್ತು. ಮೂಳೆಗೆ ಒಳ್ಳೆಯದೆಂದು ನೆಂಟರು ತಂದುಕೊಡುವ ಕಾಲು ಸೂಪಿನಲ್ಲಿ ಉಪ್ಪು, ನೀರು ಎರಡೂ ಜಾಸ್ತಿ. ಪ್ರೀತಿಯಿಂದಲೇ ಬೇಡವೆನ್ನಿ.

9. ಬಿದ್ದರೆ ಎಳೆದು, ಉಜ್ಜಿ, ಎಣ್ಣೆ ಹಾಕಿ ನೋಡಬೇಡಿ. ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಡಯಾಲಿಸಿಸ್ ದಿನ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುತ್ತಾರೆ. ಅಂದು ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿ ಮೊದಲ ಮಾತೇ ಡಯಾಲಿಸಿಸ್ ವಿಷಯವಾಗಿರಲಿ. ಕೊನೆಯ ಸಲ ಯಾವತ್ತು ಆಯಿತು, ಫಿಸ್ಟುಲಾ ಯಾವ ಕೈಯಲ್ಲಿದೆ ಎಂದು ಹೇಳಿ. ಆ ಕೈಗೆ ಬಿಪಿ ಪಟ್ಟಿ ಕಟ್ಟಲು, ಸೂಜಿ ಚುಚ್ಚಲು ಬಿಡಬೇಡಿ.