254 ಕೌಂಟಿಗಳು, ಒಂದು ಸಂಘ: ಲೆಕ್ಕದ ಮೇಜಿನಿಂದ ಕೆಲವು ಪಾಠಗಳು

ಅಮೆರಿಕದಲ್ಲಿ ಅತಿ ಹೆಚ್ಚು ಕೌಂಟಿಗಳಿರುವ ರಾಜ್ಯ ಟೆಕ್ಸಾಸ್. ಒಟ್ಟು 254. ಅವುಗಳಲ್ಲಿ ಒಂದರ ಆಡಿಟರ್ ಕಚೇರಿಯಲ್ಲಿ ನನ್ನ ಕೆಲಸ: ಬಿಲ್ಲು, ವೋಚರು, ಬಜೆಟ್ಟು, ಅನುದಾನದ ಲೆಕ್ಕ. ರಸ್ತೆ, ಜೈಲು, ಚುನಾವಣೆ, ಜಮೀನಿನ ದಾಖಲೆ, ಜನನ-ಮರಣ ನೋಂದಣಿ, ಕೆಳಹಂತದ ನ್ಯಾಯಾಲಯ, ಎಲ್ಲವೂ ಇಲ್ಲಿ ಕೌಂಟಿಯ ಪಾಲಿಗೆ ಬರುತ್ತವೆ. ನಮ್ಮ ಜಿಲ್ಲೆಗಳಲ್ಲಿ ಇರುವಂತೆ ಮೇಲೊಬ್ಬ ಜಿಲ್ಲಾಧಿಕಾರಿ ಇಲ್ಲ. ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರುಗಳು ಸೇರಿದ ಆಡಳಿತ ಮಂಡಳಿಗೆ ಕಮಿಷನರ್ಸ್ ಕೋರ್ಟ್ ಎಂಬ ಹೆಸರು. ಶೆರಿಫ್, ಕ್ಲರ್ಕ್, ಖಜಾಂಚಿ, ತೆರಿಗೆ ಅಧಿಕಾರಿ ಎಲ್ಲರೂ ಬೇರೆಬೇರೆಯಾಗಿ ಮತದಾರರಿಂದ ಆರಿಸಿ ಬಂದವರು. ಒಬ್ಬರ ಮಾತಿಗೆ ಇನ್ನೊಬ್ಬರು ಕಟ್ಟುಬಿದ್ದವರಲ್ಲ. ಆಡಿಟರನ್ನು ಮಾತ್ರ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶರು ನೇಮಿಸುತ್ತಾರೆ.

ಹೀಗೆ ಹಂಚಿಹೋದ ಅಧಿಕಾರದ ನಡುವೆ ಎಲ್ಲರಿಗೂ ಬೇಕಾದ ಒಂದು ಸಂಸ್ಥೆಯಿದೆ: 1969ರಲ್ಲಿ ಶುರುವಾಗಿ, ಆಸ್ಟಿನ್ ನಗರದಿಂದ ಕೆಲಸ ಮಾಡುವ ಟೆಕ್ಸಾಸ್ ಅಸೋಸಿಯೇಷನ್ ಆಫ್ ಕೌಂಟೀಸ್. ಇದು ಸರ್ಕಾರದ ಇಲಾಖೆಯಲ್ಲ, ಕೌಂಟಿಗಳೇ ಕಟ್ಟಿಕೊಂಡ ಸಂಘ. ಅದರೊಡನೆ ವ್ಯವಹರಿಸುತ್ತ ನಾನು ಕಲಿತದ್ದನ್ನು, ಸ್ಥಳೀಯ ಆಡಳಿತದಲ್ಲಿ ಆಸಕ್ತಿಯಿರುವ ಕನ್ನಡಿಗರಿಗಾಗಿ ಬರೆದಿಡುತ್ತಿದ್ದೇನೆ.

1. ಜನಸಂಖ್ಯೆ ಕಡಿಮೆಯಾದರೆ ಹೊಣೆ ಕಡಿಮೆಯಾಗುವುದಿಲ್ಲ

2020ರ ಜನಗಣತಿಯಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 47 ಲಕ್ಷಕ್ಕೂ ಹೆಚ್ಚು ಜನ. ಪಶ್ಚಿಮದ ಲವಿಂಗ್ ಕೌಂಟಿಯಲ್ಲಿ 64 ಜನ. ಕರ್ನಾಟಕದಲ್ಲಿ ಒಂದು ಗ್ರಾಮ ಪಂಚಾಯಿತಿ ಮಾಡುವುದಕ್ಕೂ ಸಾಮಾನ್ಯವಾಗಿ 5,000ದಿಂದ 7,000 ಜನ ಬೇಕೆಂದು ನೆನೆದರೆ ಆ 64 ಎಷ್ಟು ಸಣ್ಣದೆಂದು ತಿಳಿಯುತ್ತದೆ. ಆದರೂ ಬಹಿರಂಗ ಸಭೆಯ ಕಾನೂನು, ಲೆಕ್ಕಪತ್ರದ ಕಾನೂನು, ಚುನಾವಣೆಯ ಕಾನೂನು ಎರಡಕ್ಕೂ ಅನ್ವಯ. ಹ್ಯಾರಿಸ್ ಕೌಂಟಿಗೆ ತನ್ನದೇ ವಕೀಲರ ಪಡೆಯಿದೆ. ಸಣ್ಣ ಕೌಂಟಿಯಲ್ಲಿ ಕ್ಲರ್ಕ್ ಕಚೇರಿಯೆಂದರೆ ಒಬ್ಬರೋ ಇಬ್ಬರೋ. ಸಂಘದ ಕಾನೂನು ಸಹಾಯವಾಣಿಯ ನಿಜವಾದ ಬೆಲೆ ಗೊತ್ತಿರುವುದು ಇಂಥ ಕಚೇರಿಗಳಿಗೆ.

2. ಮೊದಲ ಪ್ರಶ್ನೆ: ಈ ಅಧಿಕಾರ ನಮಗೆ ಎಲ್ಲಿಂದ ಬಂತು?

ಟೆಕ್ಸಾಸ್ ಕೌಂಟಿಗೆ ರಾಜ್ಯದ ಸಂವಿಧಾನವೋ ಕಾಯ್ದೆಯೋ ಕೊಟ್ಟಷ್ಟೇ ಅಧಿಕಾರ. ನಗರಸಭೆಗಳ ಹಾಗೆ ಬೇಕಾದ ವಿಷಯಕ್ಕೆ ನಿಯಮ ಮಾಡಿಕೊಳ್ಳುವಂತಿಲ್ಲ. ಹೊಸದಾಗಿ ಗೆದ್ದ ಕಮಿಷನರಿಗೆ ಇದು ಅರಗುವುದು ಕಷ್ಟ.

ಎಲ್ಲ ಕಡೆಯೂ ನಡೆಯುವ ಒಂದು ಸಂದರ್ಭ ಹೇಳುತ್ತೇನೆ. ಮಳೆ ಬಂದು ಹೋದ ಮೇಲೆ ರೈತನೊಬ್ಬ ಕಮಿಷನರಿಗೆ ಫೋನ್ ಮಾಡುತ್ತಾನೆ: "ನಿಮ್ಮ ಗ್ರೇಡರ್ ಹೇಗೂ ನಮ್ಮ ಗೇಟಿನ ಮುಂದೆಯೇ ಹೋಗುತ್ತದಲ್ಲ, ಒಳಗಿನ ದಾರಿಯನ್ನೂ ಒಂದು ಸಲ ಸವರಿಬಿಡಿ." ಹತ್ತು ನಿಮಿಷದ ಕೆಲಸ. ಆತ ಮತದಾರ, ಬಹುಶಃ ಬಾಲ್ಯದ ಗೆಳೆಯನೂ ಹೌದು. ಆದರೆ ಸಾರ್ವಜನಿಕ ಹಣವನ್ನು ಖಾಸಗಿಯವರಿಗೆ ದಾನ ಮಾಡಕೂಡದೆಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಡೀಸೆಲ್, ಚಾಲಕನ ಸಂಬಳ, ಯಂತ್ರದ ಸವೆತ ಎಲ್ಲವೂ ಸಾರ್ವಜನಿಕ ಹಣ. ಅದೇ ಸಂವಿಧಾನದಲ್ಲಿ ಇನ್ನೊಂದು ಮಾತೂ ಇದೆ: 7,500 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿ, ನ್ಯಾಯವಾದ ಶುಲ್ಕ ಪಡೆದು ಖಾಸಗಿ ದಾರಿಯ ಕೆಲಸ ಮಾಡಬಹುದು. ಅಂದರೆ ಅಕ್ಕಪಕ್ಕದ ಎರಡು ಕೌಂಟಿಗಳಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರ. "ಪಕ್ಕದ ಕೌಂಟಿಯವರು ಮಾಡಿಕೊಟ್ಟರಂತೆ" ಎಂಬ ವಾದಕ್ಕೆ ಉತ್ತರ ಕೊಡಬೇಕಾದರೆ ಕಾನೂನಿನ ಕಲಂ ಕೈಯಲ್ಲಿರಬೇಕು. ಸಹಾಯವಾಣಿಗೆ ಫೋನ್ ಮಾಡಿ ಆ ಕಲಮನ್ನು ಬರೆದುಕೊಂಡ ಕಮಿಷನರ್, ಗೆಳೆತನ ಕೆಡದ ಹಾಗೆ ಇಲ್ಲ ಎನ್ನಬಲ್ಲ.

ಒಂದು ಎಚ್ಚರ. ಸಹಾಯವಾಣಿಯವರು ಮಾಹಿತಿ ಕೊಡುತ್ತಾರೆ, ನಿಮ್ಮ ವಕೀಲರಾಗುವುದಿಲ್ಲ. ಕಡೆಯ ಮಾತು ಕೌಂಟಿ ಅಟಾರ್ನಿಯದು. ಇಬ್ಬರನ್ನೂ ಕೇಳಿ, ಕೇಳಿದ ದಿನಾಂಕವನ್ನು ಫೈಲಿನಲ್ಲಿ ಬರೆದಿಡಿ.

3. ತರಬೇತಿಗೆ ಗುಮಾಸ್ತರನ್ನೂ ಕಳಿಸಿ

ನವೆಂಬರಿನಲ್ಲಿ ಗೆದ್ದವರು ಸಾಮಾನ್ಯವಾಗಿ ಜನವರಿ 1ರಂದು ಪ್ರಮಾಣ ಮಾಡಿ ಕುರ್ಚಿಯಲ್ಲಿ ಕೂರುತ್ತಾರೆ. ನಿನ್ನೆಯವರೆಗೆ ದನ ಸಾಕುತ್ತಿದ್ದವರು, ಅಂಗಡಿ ನಡೆಸುತ್ತಿದ್ದವರು, ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು ಒಂದೇ ದಿನದಲ್ಲಿ ಸಾರ್ವಜನಿಕ ಹಣದ ಹೊಣೆಗಾರರು. ಬಹಿರಂಗ ಸಭೆಯ ಕಾನೂನಿನ ಪಾಠವನ್ನು 90 ದಿನಗಳೊಳಗೆ ಮುಗಿಸಬೇಕು. ಆಮೇಲೆ ಪ್ರತಿ ವರ್ಷ ಕಮಿಷನರಿಗೆ 16 ಗಂಟೆ, ಖಜಾಂಚಿಗೆ 20 ಗಂಟೆ ತರಬೇತಿ ಕಡ್ಡಾಯ. ಸಂಘ ಮತ್ತು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ವಿ.ಜಿ. ಯಂಗ್ ಸಂಸ್ಥೆ ಈ ತರಬೇತಿಯ ಬಹುಪಾಲನ್ನು ಹೊತ್ತಿವೆ.

ಕರ್ನಾಟಕದಲ್ಲಿ ಪಂಚಾಯಿತಿ ಸದಸ್ಯರಿಗೆ ಪಾಠ ಹೇಳುವುದು ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲಿರುವ ರಾಜ್ಯ ಸರ್ಕಾರದ ಸಂಸ್ಥೆ. ಅದು ದೊಡ್ಡ ಕೆಲಸ ಮಾಡಿದೆ. ಇಲ್ಲಿನ ವ್ಯತ್ಯಾಸವೆಂದರೆ, ತರಗತಿಯಲ್ಲಿ ಏನು ಹೇಳಬೇಕೆಂದು ಗೊತ್ತುಮಾಡುವುದರಲ್ಲಿ ಆ ಹುದ್ದೆಯಲ್ಲೇ ಇರುವವರ ಕೈಯಿದೆ. ಖಜಾಂಚಿಗಳಿಗೆ ಖಜಾಂಚಿಗಳೇ ಹೇಳಿಕೊಡುತ್ತಾರೆ. ಬ್ಯಾಂಕಿನ ಪಟ್ಟಿಗೂ ನಮ್ಮ ಪುಸ್ತಕಕ್ಕೂ ತಾಳೆಯಾಗದಿದ್ದಾಗ ಮೊದಲು ಎಲ್ಲಿ ನೋಡಬೇಕೆಂಬುದನ್ನು ಅದನ್ನು ಅನುಭವಿಸಿದವರಿಂದಲೇ ಕೇಳಬೇಕು.

ಕಾನೂನು ಚುನಾಯಿತರ ಗಂಟೆಗಳನ್ನು ಎಣಿಸುತ್ತದೆ, ಆದ್ದರಿಂದ ಬಜೆಟ್ಟಿನಲ್ಲಿ ಹಣವಿರುವುದೂ ಅವರಿಗೇ. ಇದು ತಪ್ಪೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಮುಂದಿನ ಚುನಾವಣೆಯಲ್ಲಿ ಅವರು ಸೋಲಬಹುದು, ಕಚೇರಿಯ ಸಹಾಯಕರು ಉಳಿಯುತ್ತಾರೆ. ಒಬ್ಬ ಸಹಾಯಕಿ ಕಲಿತದ್ದು ಮೂವರು ಖಜಾಂಚಿಗಳ ಕಾಲಕ್ಕೂ ಬರುತ್ತದೆ.

4. "ಕಷ್ಟವಾಗುತ್ತದೆ" ಎನ್ನಬೇಡಿ, ಎಷ್ಟಾಗುತ್ತದೆ ಎಂದು ಹೇಳಿ

ಟೆಕ್ಸಾಸ್ ಶಾಸನಸಭೆ ಬೆಸ ವರ್ಷಗಳಲ್ಲಿ ಮಾತ್ರ ಸಾಮಾನ್ಯ ಅಧಿವೇಶನ ಸೇರುತ್ತದೆ. ಜನವರಿಯ ಎರಡನೇ ಮಂಗಳವಾರ ಶುರು, 140 ದಿನಕ್ಕೆ ಮುಗಿಯಬೇಕು. ಆ ದಿನಗಳಲ್ಲಿ ಸಾವಿರಾರು ಮಸೂದೆಗಳು ಬರುತ್ತವೆ. ಕೌಂಟಿಯ ಮೇಲೆ ಹೊಸ ಕೆಲಸ ಹೊರಿಸುವ ಸಾಲು ಯಾವ ಮಸೂದೆಯ ಯಾವ ಪುಟದಲ್ಲಿದೆಯೆಂದು ಹುಡುಕುವುದು ಯಾವುದೇ ಒಂದು ಕೌಂಟಿಯ ಕೈಯಲ್ಲಾಗದು. ಸಂಘದವರು ಅದನ್ನು ಓದುತ್ತಾರೆ.

ಆದರೆ ಸಂಘ ಏನು ಮಾಡಬಹುದು ಎಂಬುದಕ್ಕೂ ಕಾನೂನಿನ ಗೆರೆಯಿದೆ. ಕೌಂಟಿಯ ಸಾಮಾನ್ಯ ನಿಧಿಯಿಂದ ರಾಜ್ಯಮಟ್ಟದ ಸಂಘಕ್ಕೆ ಸದಸ್ಯತ್ವ ಶುಲ್ಕ ಕಟ್ಟಬೇಕಾದರೆ ಕಮಿಷನರ್ಸ್ ಕೋರ್ಟಿನ ಬಹುಮತ ಬೇಕು. ಸಂಘವಾಗಲಿ ಅದರ ನೌಕರರಾಗಲಿ ಮಸೂದೆಯ ಭವಿಷ್ಯದ ಮೇಲೆ ಪ್ರಭಾವ ಬೀರಲು ಯತ್ನಿಸಕೂಡದು, ಅಭ್ಯರ್ಥಿಗಳನ್ನು ಬೆಂಬಲಿಸಕೂಡದು. ಶಾಸಕರಿಗೆ ಮಾಹಿತಿ ಕೊಡಬಹುದು, ಸಮಿತಿ ಕರೆದರೆ ಹೋಗಿ ಹೇಳಬಹುದು. ಈ ನಿರ್ಬಂಧ ಒಳ್ಳೆಯದೇ ಎಂದು ನಾನು ನಂಬುತ್ತೇನೆ. ಮಾಹಿತಿಯೊಂದೇ ಬಲವಾದಾಗ ಮಾಹಿತಿ ಸರಿಯಾಗಿರಲೇಬೇಕಾಗುತ್ತದೆ. ಆ ಮಾಹಿತಿ ಬರಬೇಕಾದ್ದು ನಮ್ಮಂಥ ಕಚೇರಿಗಳಿಂದ.

ಉದಾಹರಣೆಗೆ, ಜಮೀನಿನ ಪತ್ರ ನೋಂದಣಿಯಾದಾಗಲೆಲ್ಲ ಮಾಲೀಕರಿಗೆ ಅಂಚೆಯಲ್ಲಿ ತಿಳಿವಳಿಕೆ ಕಳಿಸಬೇಕೆಂದು ಒಂದು ಮಸೂದೆ ಬಂತೆನ್ನಿ. ಉದ್ದೇಶ ಒಳ್ಳೆಯದು. ನಿಮ್ಮ ಕೌಂಟಿಗೆ ಖರ್ಚೆಷ್ಟು ಎಂದು ಆಸ್ಟಿನ್ನಿಂದ ಪ್ರಶ್ನೆ ಬರುತ್ತದೆ, ಸಮಿತಿಯ ವಿಚಾರಣೆ ಮರುದಿನವೇ ಇರಬಹುದು. ಆಗ ನಾವು ಕೊಡಬೇಕಾದ್ದು: ಕಳೆದ ವರ್ಷ ನೋಂದಣಿಯಾದ ಪತ್ರಗಳೆಷ್ಟು, ಒಂದು ಲಕೋಟೆಗೆ ಅಂಚೆವೆಚ್ಚ ಎಷ್ಟು, ಮುದ್ರಣ ಎಷ್ಟು, ವಿಳಾಸ ಹುಡುಕಿ ಲಕೋಟೆ ಮುಚ್ಚಲು ಗುಮಾಸ್ತರ ಎಷ್ಟು ನಿಮಿಷ, ಸಾಫ್ಟ್‌ವೇರ್ ಕಂಪನಿ ಬದಲಾವಣೆಗೆ ಎಷ್ಟು ಕೇಳುತ್ತದೆ, ವಿಳಾಸ ತಪ್ಪಿ ವಾಪಸು ಬಂದ ಲಕೋಟೆಗಳನ್ನು ಏನು ಮಾಡಬೇಕು. ಈ ಕಡೆಯ ಪ್ರಶ್ನೆ ಹೊಳೆಯುವುದು ಕೌಂಟರಿನಲ್ಲಿ ಕೂತವರಿಗೆ ಮಾತ್ರ. ಹಲವು ಕೌಂಟಿಗಳಿಂದ ಇಂಥ ಅಂಕಿ ಸೇರಿದಾಗ ಲೆಜಿಸ್ಲೇಟಿವ್ ಬಜೆಟ್ ಬೋರ್ಡ್ ಬರೆಯುವ ಹಣಕಾಸು ಟಿಪ್ಪಣಿಗೆ ಆಧಾರ ಸಿಗುತ್ತದೆ.

ಬೇಕಾದ ಅಂಕಿಗಳನ್ನು ಅಧಿವೇಶನಕ್ಕೆ ಮುಂಚೆ, ಡಿಸೆಂಬರಿನಲ್ಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಕಾನೂನುಗಳು ಬಹಳಷ್ಟು ಸೆಪ್ಟೆಂಬರ್ 1ರಿಂದ ಜಾರಿಯಾಗುತ್ತವೆ. ನಮ್ಮಲ್ಲಿ ಅನೇಕರ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು. ತಡವಾಗಿ ತಿಳಿದರೆ ಬಜೆಟ್ಟಿನಲ್ಲಿ ಜಾಗವಿರುವುದಿಲ್ಲ.

ಈ ಕೆಲಸದ ತೂಕ ಎಷ್ಟೆಂಬುದಕ್ಕೆ ಬಡ ಆರೋಪಿಗಳ ವಕೀಲರ ವೆಚ್ಚವನ್ನು ನೋಡಿ. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿತು. ನ್ಯಾಯವಾದ ತೀರ್ಪು. 2001ರಲ್ಲಿ ಟೆಕ್ಸಾಸ್ ಅದಕ್ಕೆ ವಿವರವಾದ ಕಾಯ್ದೆ ಮಾಡಿತು. ಆದರೆ ಬಿಲ್ಲಿನ ಬಹುಪಾಲು ಬೀಳುವುದು ಕೌಂಟಿಯ ಆಸ್ತಿ ತೆರಿಗೆಯ ಮೇಲೆ. ಇತ್ತ 2019ರ ಸೆನೆಟ್ ಬಿಲ್ 2, ಮತದಾರರ ಒಪ್ಪಿಗೆಯಿಲ್ಲದೆ ಆ ತೆರಿಗೆಯ ವರಮಾನವನ್ನು ವರ್ಷಕ್ಕೆ ಏರಿಸಬಹುದಾದ ಮಿತಿಯನ್ನು ಶೇ. 8ರಿಂದ ಶೇ. 3.5ಕ್ಕೆ ಇಳಿಸಿತು. ಎರಡು ಕಡೆಯಿಂದಲೂ ಒತ್ತಡ ಬಂದಾಗ ರಸ್ತೆಗೆ ಜಲ್ಲಿ ಕಡಿಮೆಯಾಗುತ್ತದೆ.

5. ತೆರಿಗೆ ದರದ ಸಭೆಗೆ ನಾಲ್ವರು ಬರುತ್ತಾರೆಂದು ಮೊದಲೇ ಖಚಿತಪಡಿಸಿಕೊಳ್ಳಿ

ಬೇರೆ ವಿಷಯಗಳಿಗೆ ಮೂವರಿದ್ದರೆ ಸಾಕು. ತೆರಿಗೆ ವಿಧಿಸಲು ಐವರಲ್ಲಿ ನಾಲ್ವರು ಹಾಜರಿರಬೇಕು. 2022ರಲ್ಲಿ ಹ್ಯಾರಿಸ್ ಕೌಂಟಿಯ ಇಬ್ಬರು ಕಮಿಷನರುಗಳು ಗೈರಾಗಿ, ಬಹುಮತದವರು ಬಯಸಿದ ದರ ಅಂಗೀಕಾರವಾಗಲಿಲ್ಲ. ಅಲ್ಲಿ ಅದು ರಾಜಕೀಯ ನಿಲುವು. ಸಣ್ಣ ಕೌಂಟಿಯಲ್ಲಿ ಒಬ್ಬರ ಶಸ್ತ್ರಚಿಕಿತ್ಸೆ, ಇನ್ನೊಬ್ಬರ ಮನೆಯ ಮದುವೆ ಸಾಕು. ಸಂಘ ಕೊಡುವ ಬಜೆಟ್ ಕ್ಯಾಲೆಂಡರಿನ ದಿನಾಂಕಗಳನ್ನು ಜೂನಿನಲ್ಲೇ ಐವರಿಗೂ ಕೊಟ್ಟುಬಿಡಿ.

6. ವಿಮಾ ನಿಧಿಯನ್ನು ಪರಿಹಾರಕ್ಕಷ್ಟೇ ಬಳಸಬೇಡಿ

1970ರ ದಶಕದಿಂದಲೂ ಸಂಘದ ಆಶ್ರಯದಲ್ಲಿ ಕೌಂಟಿಗಳೇ ಹಣ ಹಾಕಿ, ಕೌಂಟಿ ಅಧಿಕಾರಿಗಳೇ ಮೇಲ್ವಿಚಾರಣೆ ಮಾಡುವ ವಿಮಾ ನಿಧಿಯಿದೆ. ಕಟ್ಟಡ, ವಾಹನ, ನೌಕರರ ಗಾಯ, ಶೆರಿಫ್ ಇಲಾಖೆಯ ಮೇಲಿನ ದಾವೆ ಎಲ್ಲಕ್ಕೂ. ಆಲಿಕಲ್ಲು ಬಿದ್ದು ಕೋರ್ಟ್‌ಹೌಸಿನ ಛಾವಣಿ ತೂತಾದಾಗ ಎಲ್ಲರಿಗೂ ನಿಧಿ ನೆನಪಾಗುತ್ತದೆ. ಆದರೆ ದೊಡ್ಡ ಅಪಾಯ ಇರುವುದು ಜೈಲಿನಲ್ಲಿ.

ಕೌಂಟಿಯ ವಾಹನ ಡಿಕ್ಕಿ ಹೊಡೆದು ಯಾರಿಗಾದರೂ ಗಾಯವಾದರೆ ರಾಜ್ಯದ ಕಾನೂನಿನಲ್ಲಿ ಪರಿಹಾರಕ್ಕೆ ಮಿತಿಯಿದೆ: ಒಬ್ಬರಿಗೆ 1 ಲಕ್ಷ ಡಾಲರ್, ಒಂದು ಘಟನೆಗೆ 3 ಲಕ್ಷ ಡಾಲರ್. ಜೈಲಿನಲ್ಲಿ ಒಬ್ಬ ಕೈದಿ ಸತ್ತು, ಕುಟುಂಬ ನಾಗರಿಕ ಹಕ್ಕಿನ ಮೇಲೆ ಫೆಡರಲ್ ನ್ಯಾಯಾಲಯಕ್ಕೆ ಹೋದರೆ ಆ ಮಿತಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಸುಪರ್ದಿನಲ್ಲಿದ್ದ ಒಂದು ಜೀವ ಹೋಗಿರುತ್ತದೆ.

48 ಕೈದಿಗಳಿಗೆ ಒಬ್ಬ ಜೈಲರ್ ಇರಬೇಕು, ಪ್ರತಿ ಕೈದಿಯನ್ನೂ ಕನಿಷ್ಠ 60 ನಿಮಿಷಕ್ಕೊಮ್ಮೆ ಕಣ್ಣಾರೆ ನೋಡಬೇಕು, ಆತ್ಮಹತ್ಯೆಯ ಭಯವಿದ್ದಲ್ಲಿ 30 ನಿಮಿಷಕ್ಕೊಮ್ಮೆ. ಇದು ರಾಜ್ಯದ ಜೈಲು ಮಾನದಂಡ. ನೋಡಿದ್ದಕ್ಕೆ ಸಾಕ್ಷಿ ಒಂದು ದಾಖಲೆ ಹಾಳೆ. ಅಪಾಯ ತಗ್ಗಿಸುವ ಕೆಲಸದಲ್ಲಿ ಪಳಗಿದ, ನಿಧಿಯ ಸಲಹೆಗಾರರು ಇಂಥ ಹಾಳೆಯನ್ನು ಓದುವ ಕ್ರಮ ನೋಡಿ ನನ್ನ ಕಣ್ಣು ತೆರೆಯಿತು. 1:00, 2:00, 3:00, 4:00 ಎಂದು ಒಂದೇ ಶಾಯಿಯಲ್ಲಿ ಸಾಲಾಗಿ ಇದ್ದರೆ ಅವರು ಅಲ್ಲೇ ನಿಲ್ಲುತ್ತಾರೆ. ನಿಜವಾಗಿ ನಡೆದು ನೋಡಿದವರ ಹಾಳೆಯಲ್ಲಿ 12:54, 1:41, 2:36 ಎಂದಿರುತ್ತದೆ. ಹಾಳೆ ಮೊದಲೇ ತುಂಬಿದ್ದೆಂದರೆ ಆ ಪಾಳಿಯಲ್ಲಿ ಜನ ಸಾಲದೆಂದು ಅರ್ಥ. ಅಂದಿನಿಂದ ಜೈಲಿನ ಹೆಚ್ಚುವರಿ ಪಾಳಿಯ ಸಂಬಳದ ಬಿಲ್ಲನ್ನು ನಾನು ಬರೀ ಖರ್ಚೆಂದು ನೋಡುವುದಿಲ್ಲ. ಈ ಸಲಹೆಗಾರರನ್ನು ಏನೂ ಆಗದ ಕಾಲದಲ್ಲೇ ಕರೆಸಿ.

7. ಬ್ಯಾಂಕ್ ಖಾತೆ ಬದಲಾಯಿತೆಂಬ ಪತ್ರ ಬಂದರೆ ಹಳೆಯ ನಂಬರಿಗೆ ಫೋನ್ ಮಾಡಿ

2019ರ ಆಗಸ್ಟಿನಲ್ಲಿ ಟೆಕ್ಸಾಸಿನ 22 ಸ್ಥಳೀಯ ಸಂಸ್ಥೆಗಳ ಕಂಪ್ಯೂಟರುಗಳು ಒಂದೇ ಸಲ ಸುಲಿಗೆಕೋರರ ಕೈವಶವಾದವು. ಸ್ಥಳೀಯ ಸಂಸ್ಥೆಗಳ ನೌಕರರಿಗೆ ಸೈಬರ್ ತರಬೇತಿ ಕಡ್ಡಾಯ ಮಾಡಿದ ಕಾನೂನೂ ಅದೇ ವರ್ಷದ್ದು. ಆದರೆ ಲೆಕ್ಕದ ಕಚೇರಿಯನ್ನು ದಿನನಿತ್ಯ ಕಾಡುವುದು ಇದಕ್ಕಿಂತ ಸರಳವಾದ ಮೋಸ: ಜಲ್ಲಿ ಪೂರೈಸುವ ಕಂಪನಿಯ ಹೆಸರಿನಲ್ಲಿ, ಅದೇ ಲಾಂಛನದೊಡನೆ, ಇನ್ನು ಮುಂದೆ ಹಣವನ್ನು ಈ ಖಾತೆಗೆ ಹಾಕಿ ಎಂಬ ಇಮೇಲ್. ಆ ಇಮೇಲಿನಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ನಮ್ಮ ಕಡತದಲ್ಲಿ ಮೊದಲಿಂದ ಇರುವ ನಂಬರಿಗೆ ಮಾಡಿ, ಯಾರು ಮಾತಾಡಿದರೆಂದು ಬರೆದು ಸಹಿ ಹಾಕಿ.

8. ದಿಢೀರ್ ಹಣ ಬಂದಾಗ ಮೊದಲು ನಿಯಮ, ಆಮೇಲೆ ಯೋಜನೆ

2021ರಲ್ಲಿ ಕೇಂದ್ರ ಸರ್ಕಾರ ಕೋವಿಡ್ ಚೇತರಿಕೆಗೆಂದು ದೇಶದ ಕೌಂಟಿಗಳಿಗೆ ನೇರವಾಗಿ 65.1 ಬಿಲಿಯನ್ ಡಾಲರ್ ಕೊಟ್ಟಿತು. ಯಾವತ್ತೂ ಫೆಡರಲ್ ವರದಿ ಬರೆಯದ ಕೌಂಟಿಗಳಿಗೂ ಪಾಲು ಬಂತು. ಆದಾಯ ನಷ್ಟವನ್ನು ಸೂತ್ರ ಹಾಕಿ ತೋರಿಸಬೇಕೆಂಬುದು ಮೊದಲ ನಿಯಮ. ಸಣ್ಣ ಕಚೇರಿಗಳಿಗೆ ಅದು ಆಗದ ಕೆಲಸವೆಂದು ಕೌಂಟಿಗಳ ರಾಷ್ಟ್ರೀಯ ಸಂಘಟನೆ ಒತ್ತಿ ಹೇಳಿತು. 2022ರ ಜನವರಿಯ ಅಂತಿಮ ನಿಯಮದಲ್ಲಿ, ಸೂತ್ರವಿಲ್ಲದೆ 1 ಕೋಟಿ ಡಾಲರ್‌ವರೆಗೆ ಆದಾಯ ನಷ್ಟವೆಂದು ತೋರಿಸಿ ಸಾಮಾನ್ಯ ಆಡಳಿತ ಸೇವೆಗಳಿಗೆ ಬಳಸಲು ಅವಕಾಶ ಸಿಕ್ಕಿತು. 2024ರ ಡಿಸೆಂಬರ್ 31ರೊಳಗೆ ಹಣವನ್ನು ಕೆಲಸಕ್ಕೆ ಬದ್ಧಗೊಳಿಸಬೇಕಿತ್ತು, 2026ರ ಡಿಸೆಂಬರ್ 31ರೊಳಗೆ ಖರ್ಚು ಮಾಡಿ ಮುಗಿಸಬೇಕು. ಅವಸರದಲ್ಲಿ ಟ್ರಕ್ ಕೊಂಡವರಿಗಿಂತ ಕಾದು ಕೊಂಡವರ ಕಾಗದಪತ್ರ ಹಗುರವಾಯಿತು.

9. ಚಂದಾಹಣದ ಪ್ರಶ್ನೆಗೆ ಸಭೆಯಲ್ಲೇ ಉತ್ತರ ಕೊಡಿ

ತೆರಿಗೆಯ ಹಣದಲ್ಲಿ ಸಂಘಕ್ಕೇಕೆ ಚಂದಾ ಎಂದು ಬಜೆಟ್ ವಿಚಾರಣೆಯಲ್ಲಿ ಯಾರಾದರೂ ಕೇಳುತ್ತಾರೆ. ಕೇಳಲೇಬೇಕು. 2019ರಲ್ಲಿ ಸಾರ್ವಜನಿಕ ಹಣದಿಂದ ಲಾಬಿ ಮಾಡುವುದನ್ನು ತಡೆಯುವ ಸೆನೆಟ್ ಬಿಲ್ 29 ಸೆನೆಟ್ ದಾಟಿ ಕೆಳಮನೆಯಲ್ಲಿ ಬಿದ್ದುಹೋಯಿತು, ಅದೇ ವಿಷಯ ಆಮೇಲೂ ಮತ್ತೆ ಮತ್ತೆ ಬಂದಿದೆ. ಈ ಅನುಮಾನವನ್ನು ವಿರೋಧಿಗಳ ಕಿರಿಕಿರಿ ಎಂದು ತಳ್ಳಿಹಾಕುವ ಅಧಿಕಾರಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ತೆರಿಗೆ ಕಟ್ಟುವವರಿಗೆ ಕೇಳುವ ಹಕ್ಕಿದೆ.

ಚಂದಾವನ್ನು "ಇತರೆ ವೆಚ್ಚ"ದೊಳಗೆ ಸೇರಿಸದೆ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಅದರ ಪಕ್ಕದಲ್ಲಿ ಒಂದು ಪುಟ ಲಗತ್ತಿಸಿ: ಈ ವರ್ಷ ಸಹಾಯವಾಣಿಗೆ ಕೇಳಿದ ಪ್ರಶ್ನೆಗಳು, ಯಾರು ಯಾವ ತರಬೇತಿಗೆ ಹೋದರು, ವಿಮಾ ನಿಧಿಗೆ ಕಟ್ಟಿದ್ದೆಷ್ಟು, ಅಲ್ಲಿಂದ ಬಂದದ್ದೆಷ್ಟು, ಯಾವ ಮಸೂದೆಗೆ ನಾವು ಅಂಕಿ ಕಳಿಸಿದೆವು. ಏನೂ ಕೇಳದೆ, ಯಾರನ್ನೂ ಕಳಿಸದೆ ವರ್ಷ ಕಳೆದಿದ್ದರೆ ಆ ಪುಟ ಖಾಲಿಯಾಗಿಯೇ ಇರಲಿ. ಮುಂದಿನ ಚಂದಾಕ್ಕೆ ಕೈ ಎತ್ತುವ ಮೊದಲು ಕಮಿಷನರುಗಳು ಅದನ್ನು ನೋಡಬೇಕು.