ಕೆರೆಗೆ ಹಾರಿದವರಿಗೆ ಠಾಣೆಯ ಅಂಜಿಕೆ ಬೇಡ

ಬಾಗಲಕೋಟೆ ಜಿಲ್ಲೆಯ ನೇತ್ರಾವತಿ ಚವ್ಹಾಣಗೆ ಆಗ ಹದಿನಾಲ್ಕು ವರ್ಷ. 2017ರ ಮೇ ತಿಂಗಳಲ್ಲಿ ಕಲ್ಲುಕ್ವಾರಿಯ ನೀರಲ್ಲಿ ಮುಳುಗುತ್ತಿದ್ದ ಇಬ್ಬರು ಹುಡುಗರನ್ನು ಕಂಡು ಧುಮುಕಿದಳು. ಒಬ್ಬ ಬದುಕಿದ. ಇನ್ನೊಬ್ಬನಿಗಾಗಿ ಮತ್ತೆ ಇಳಿದವಳು ಜೀವಂತ ಮರಳಲಿಲ್ಲ. ಮರು ವರ್ಷ ಅವಳಿಗೆ ಮರಣೋತ್ತರ ಗೀತಾ ಚೋಪ್ರಾ ಶೌರ್ಯ ಪ್ರಶಸ್ತಿ ಸಂದಿತು.

ಡಂಬಳದ ಕೆರೆಯಿರಲಿ, ಹಮ್ಮಿಗಿಯ ತುಂಗಭದ್ರೆಯಿರಲಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲಗಳ ಕೃಷಿಹೊಂಡವಿರಲಿ, ಅಪಾಯ ಗದಗ ಜಿಲ್ಲೆಯ ನಮಗೂ ದೂರವಿಲ್ಲ. ಹೊಂಡವಂತೂ ಮೋಸದ ಜಾಗ. ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನಿಗೂ ಮೇಲೆ ಹತ್ತಲು ಕಾಲು ನಿಲ್ಲದು. ಹಗ್ಗವೋ ಸೀರೆಯೋ ಎಸೆಯುವುದೇ ಮೊದಲ ಕೆಲಸ.

ಆದರೆ ದಂಡೆಯಲ್ಲಿ ನಿಂತವರ ಬಾಯಲ್ಲಿ ಬರುವುದು, "ಯಾಕ ಬೇಕಪ್ಪಾ ಪೊಲೀಸರ ಉಸಾಬರಿ?" ನೀರಿಗೆ ಇಳಿಯಲೇಬೇಕೆಂದು ದಾರಿಹೋಕನನ್ನು ಯಾವ ಕಾನೂನೂ ಕಟ್ಟಿಹಾಕಿಲ್ಲ. ಇಳಿದವನ ಬೆನ್ನಿಗೆ ಮಾತ್ರ ಕಾನೂನಿದೆ. ಜುಟ್ಟು ಹಿಡಿದು ಎಳೆದಾಗ ಗಾಯವಾಗಬಹುದು, ಎದೆ ಒತ್ತುವಾಗ ಪಕ್ಕೆಲುಬು ಮುರಿಯಬಹುದು. ಒಪ್ಪಿಗೆ ಕೇಳಲಾಗದ ಹೊತ್ತಿನಲ್ಲಿ ಸದುದ್ದೇಶದಿಂದ, ಮುಳುಗುತ್ತಿರುವವರ ಒಳಿತಿಗೇ ಮಾಡಿದ ಇಂಥ ಕೆಲಸ ಅಪರಾಧವಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ. ತುರ್ತಿನಲ್ಲಿ ನೆರವಾದವರನ್ನು ಕಾಯಲು ಕರ್ನಾಟಕ 2016ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದೆ.

ಹೇಳಿಕೆ ಬೇಕಾದರೂ ಹದಿನೈದರೊಳಗಿನ ಹುಡುಗರನ್ನು, ಹೆಣ್ಣುಮಕ್ಕಳನ್ನು ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹೀಗೆನ್ನುತ್ತದೆ. ಬದುಕಿಸಿದ ಜೀವ ತಾನಾಗಿಯೇ ನೀರಿಗೆ ಬಿದ್ದಿದ್ದರೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಅವರಿಗೆ ಬೇಕಾದದ್ದು ಚಿಕಿತ್ಸೆ, ಶಿಕ್ಷೆಯಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ.

ಮುಳುಗಿದವರನ್ನು ಎಬ್ಬಿಸಿ ಕೂರಿಸಿದ ಮೇಲೂ ಆಸ್ಪತ್ರೆ ತಪ್ಪಿಸಬೇಡಿ, ಶ್ವಾಸಕೋಶದ ತೊಂದರೆ ತಡವಾಗಿಯೂ ಕಾಣಿಸೀತು. ತುರ್ತು ಚಿಕಿತ್ಸೆ ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯನ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. "ಮೊದಲು ಡಿಪಾಸಿಟ್ ಕಟ್ಟಿ" ಎನ್ನುವ ಕೌಂಟರಿನವರಿಗೆ ಇದನ್ನು ನೆನಪಿಸಿ.

ಇನ್ನು ಪ್ರಶಸ್ತಿಯ ಮಾತು. ಆರರಿಂದ ಹದಿನೆಂಟರೊಳಗಿನ ಬಾಲಕರಿಗೆ ಹೊಯ್ಸಳ, ಬಾಲಕಿಯರಿಗೆ ಕೆಳದಿ ಚೆನ್ನಮ್ಮ ಶೌರ್ಯ ಪ್ರಶಸ್ತಿಯಿದೆ. ಅರ್ಜಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ. ಕೇಂದ್ರದ ಜೀವನ್ ರಕ್ಷಾ ಪದಕಕ್ಕೆ ವಯಸ್ಸಿನ ಕಟ್ಟಿಲ್ಲ, ಜಿಲ್ಲಾಡಳಿತದ ಮೂಲಕ ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು. ಹಳ್ಳಿಯ ಹುಡುಗರು ಇಲ್ಲೇ ಹಿಂದೆ ಬೀಳುತ್ತಾರೆ, ಸಾಹಸವಿದ್ದೂ ಕಾಗದವಿರುವುದಿಲ್ಲ. ಆದ್ದರಿಂದ ಬದುಕಿದವರ ಹೇಳಿಕೆ, ಕಂಡವರ ಸಹಿ, ಪತ್ರಿಕೆಯ ತುಣುಕು, ಮುಖ್ಯೋಪಾಧ್ಯಾಯರ ಪತ್ರ, ಠಾಣೆಯ ದಾಖಲೆಯ ಪ್ರತಿಯನ್ನು ಅದೇ ವಾರ ಕೂಡಿಸಿಡಿ.

ಕಾಪಾಡಲು ಹೋದವರೇ ಸತ್ತರೆ, ದುಃಖದಲ್ಲೂ ಮರಣೋತ್ತರ ಪರೀಕ್ಷೆ ಬೇಡವೆನ್ನಬೇಡಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಹೆಸರಿದ್ದರೆ ಸಿಗುವ 2 ಲಕ್ಷಕ್ಕೆ ಆ ವರದಿ ಬೇಕೇ ಬೇಕು.

ಅವಘಡ ಕಂಡರೆ 112, ಆಂಬುಲೆನ್ಸಿಗೆ 108. ಮುಂದೆ ಯಾರಾದರೂ ಕಿರುಕುಳ ಕೊಟ್ಟರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಅಲ್ಲಿ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.